ಅಲ್ಲವ್ವನ ಹಾಡಿನ ಪೆಟ್ಟಿಗೆ

ತುಕ್ಕಾನಟ್ಟಿಯ ಅಲ್ಲವ್ವ ಗೋಕಾಕದ ಸಂತೆಗೆ ಹೋದರೆ ಸೀರೆ ಅಂಗಡಿಯತ್ತ ತಿರುಗಿಯೂ ನೋಡದೆ ನೇರ ಗುಜರಿ ಅಂಗಡಿಗೆ ನುಗ್ಗುತ್ತಾಳೆ. ಹಳೆಯ ಆಂಪ್ಲಿಫೈಯರನ್ನು ಎಮ್ಮೆಯ ಹಲ್ಲು ನೋಡುವವಳಂತೆ ಪರೀಕ್ಷಿಸಿ ಅರ್ಧ ಬೆಲೆಗೆ ಕೇಳುತ್ತಾಳೆ. ‘ಹೊಸಾದ ತಗೋರಿ ಅಕ್ಕಾರ’ ಎಂದು ಅಂಗಡಿಯವ ಹೇಳಿದರೆ, ‘ನನ್ನ ಕಿವೀನೂ ಹಳೇವ ಅದಾವೋ ತಮ್ಮಾ, ನಡೀತೈತಿ’ ಎನ್ನುತ್ತಾಳೆ. ಜೋಳದ ಪೆಟ್ಟಿಗೆಗೆ ತೂತು ಕೊರೆಸಿ, ಹರಿದ ಗಾದಿಯ ಹತ್ತಿ ತುಂಬಿ, ಎರಡು ಸ್ಪೀಕರ್ ಕೂರಿಸಿದ್ದಾಳೆ. ಹಾಡು ಹಚ್ಚಿದರೆ ಬಾಜೂ ಮನೆಯ ತಾಟುಗಳೂ ಕುಣಿಯುತ್ತವೆ. ‘ಗಂಡ ಸತ್ತಾಕಿಗೆ ಹಾಡು ಯಾಕ ಬೇಕ?’ ಎಂದು ಯಾರಾದರೂ ಗೊಣಗಿದರೆ ದನಿ ಇನ್ನಷ್ಟು ಏರಿಸುತ್ತಾಳೆ. ಆ ಸ್ಪೀಕರುಗಳು ಮೊದಲು ಗಂಡನ ಟ್ರ್ಯಾಕ್ಟರಿನಲ್ಲಿ ಹಾಡುತ್ತಿದ್ದವು. ಅವನು ತೀರಿಕೊಂಡ ಮೇಲೆ ಭಾವಂದಿರು ಟ್ರ್ಯಾಕ್ಟರ್ ಒಯ್ಯಲು ಬಂದಾಗ, ಸ್ಪೀಕರುಗಳನ್ನು ತಾನೇ ಬಿಚ್ಚಿ ಎದೆಗವಚಿಕೊಂಡು ನಿಂತಿದ್ದಳು: ‘ಗಾಡಿ ಒಯ್ರಿ. ಅಂವ ಬರೂದು ಊರ ಅಗಸಿ ಬಾಗಲದಿಂದನ ಕೇಳಸ್ತಿತ್ತಲ್ಲ, ಆ ಸಪ್ಪಳ ನಂದು.’