ಬೀಗ ಹಾಕಿಸಿಕೊಂಡ ರಾಕ್ಷಸರು

ನನ್ನ ರಾಕ್ಷಸರಿಗೆ ಯಾರೂ ಹೆದರುತ್ತಿರಲಿಲ್ಲ. ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಆಟವನ್ನು ಮನೆಗೆ ತಂದವಳು ಕಾಲೇಜಿಗೆ ಹೋಗುವ ನನ್ನ ತಮ್ಮನ ಮಗಳು. ಟೇಬಲ್ ಸುತ್ತ ಕೂತು ಆಡುವ ಕಲ್ಪನೆಯ ಆಟ. ಒಬ್ಬ ಗುಹೆ, ಕಾಡು, ಭಯಂಕರ ಪ್ರಾಣಿಗಳನ್ನು ಕಟ್ಟಿ ಹೇಳಬೇಕು. ಉಳಿದವರು ವೀರರಾಗಿ ಡೈಸ್ ಎಸೆದು ಹೋರಾಡಬೇಕು. ಬೈಕುಲ್ಲಾದ ವರ್ಕ್‌ಶಾಪಿನಲ್ಲಿ ಯಂತ್ರಗಳ ಡ್ರಾಯಿಂಗ್ ಮಾಡುವ ನಾನು ಪ್ರಾಣಿಗಳ ಕೆಲಸ ವಹಿಸಿಕೊಂಡೆ. ಭಾನುವಾರ ಮಧ್ಯಾಹ್ನ ವಿಕ್ರೋಳಿಯ ನಮ್ಮ ಮನೆಗೆ ವರ್ಕ್‌ಶಾಪಿನ ಇಬ್ಬರು ಬರುತ್ತಿದ್ದರು: ಧಾರವಾಡದ ಎಲೆಕ್ಟ್ರಿಷಿಯನ್, ವಿಜಯಪುರದ ಹಿರಿಯ ಫಿಟರ್. ಫಿಟರ್ ಡೈಸನ್ನು ಎಡಗೈಯಲ್ಲಿ ಎಸೆಯುತ್ತಿದ್ದರು. ಬಲಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು.

ಏಳು ಬಾಯಿಯ ಕೆಸರುಹುಳ ಬರೆಯಲು ನನಗೆ ಹದಿನೈದು ದಿನ ಹಿಡಿಯಿತು. ಒಂದೊಂದು ಹಲ್ಲನ್ನೂ ಬಿಡಿಸಿದ್ದೆ. ಫಿಟರ್ ಚಿತ್ರವನ್ನು ಸರಿಯಾಗಿ ನೋಡಲೂ ಇಲ್ಲ.

"ಇದಕ್ಕ ಪವರ್ ಎಲ್ಲಿಂದ ಬರ್ತೈತಿ?" ಎಂದರು.

ಕೆಸರಿನಿಂದ ಎಂದು ಬಾಯಿಬಿಟ್ಟೆ. ಆಟದಲ್ಲೇ ಕೆಸರನ್ನು ಬಸಿದರು, ಹುಳ ಮಲಗಿತು, ಮೇಲೊಂದು ಬೀಗ ಜಡಿದು ಬೀಗದ ಕೈ ಜೇಬಿಗಿಳಿಸಿದರು. ವರ್ಕ್‌ಶಾಪಿನಲ್ಲಿ ಇದೇ ಪದ್ಧತಿ: ಯಂತ್ರದೊಳಗೆ ಕೈ ಹಾಕುವ ಮೊದಲು ಸ್ವಿಚ್ ಇಳಿಸಿ, ಅದಕ್ಕೆ ತನ್ನ ಬೀಗ ತಾನೇ ಹಾಕಬೇಕು, ತಾನೇ ತೆಗೆಯಬೇಕು. ಕಲ್ಲಿನ ಹಾವಿಗೂ ಬೀಗ, ಹೊಗೆ ಕುಡಿಯುವ ಹದ್ದಿಗೂ ಬೀಗ. ಹುಡುಗಿಯೂ ಕಲಿತುಬಿಟ್ಟಳು. ಕತ್ತಿ, ಗುರಾಣಿ ಬಿಟ್ಟು ತನ್ನ ವೀರನಾರಿಯ ಚೀಲದಲ್ಲಿ ಮೂರು ಬೀಗ ಎಂದು ಬರೆದುಕೊಂಡಳು. ಇದು ಯುದ್ಧವೋ ರಿಪೇರಿಯೋ ಎಂದು ರೇಗಿದರೆ ಮೂವರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಸಲ, ಒಂದೇ ಸಲ ಇವರು ನಡುಗಬೇಕು ಎಂದು ಹಟ ಹಿಡಿದೆ.

ಮುಂದಿನ ಪ್ರಾಣಿಯನ್ನು ಎರಡೇ ದಿನದಲ್ಲಿ ಬರೆದೆ. ಕಬ್ಬಿಣದ ದವಡೆ, ಗಂಟಲಲ್ಲೊಂದು ಮಣಿ. ಎಂದಿನಂತೆ ಅದರ ಶಕ್ತಿಯನ್ನು ಕಡಿದು ಬೀಗ ಹಾಕಿದರು. ಮಣಿ ತೆಗೆಯಲು ಫಿಟರರ ವೀರ ದವಡೆಯೊಳಗೆ ಕೈ ಹಾಕಿದ. ಆಗ ನಾನು ಓದಿದೆ: ಗುಹೆಯ ಮುದಿ ಕಾವಲುಗಾರ ಬಂದ, ಕೆಲಸ ಮುಗಿದಿದೆ ಎಂದುಕೊಂಡ, ತನ್ನಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಬೀಗ ತೆಗೆದ.

ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. ಹೆದರಿದರು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಡೈಸ್ ಎಸೆಯಿರಿ ಎಂದೆ. ಫಿಟರ್ ಎಸೆಯಲಿಲ್ಲ. ಅವರ ಬಲಗೈ ಮೆಲ್ಲಗೆ ಟೇಬಲ್ಲಿನ ಕೆಳಗೆ ಹೋಯಿತು. ಎಲೆಕ್ಟ್ರಿಷಿಯನ್ ನನ್ನನ್ನೇ ದುರುಗುಟ್ಟಿ ನೋಡಿದ.

ಫಿಟರರ ಹಳೆಯ ಕೆಲಸದಲ್ಲಿ, ತಗಡು ಒತ್ತುವ ಪ್ರೆಸ್ಸಿನೊಳಗೆ ಅವರ ಕೈ ಇದ್ದಾಗ, ಜೊತೆಯವನೊಬ್ಬ ಕೆಲಸ ಮುಗಿಯಿತೆಂದು ಅವರ ಬೀಗ ತೆಗೆದಿದ್ದ. ಟಿಫಿನ್ ತಿನ್ನುತ್ತ ಅವರೇ ನಮಗೆ ಹೇಳಿದ್ದರು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ.

ಫಿಟರ್ ಕೇಳಿದರು. "ಆ ಮುದುಕ ಬೇಕಂತ ತಗದಿಲ್ಲಲಾ?"

ಇಲ್ಲ ಎಂದೆ. ಮುದುಕನ ಮಟ್ಟಿಗೆ ಅದು ನಿಜ.