ನಾನು ಉಳಿಸಿಕೊಂಡ ಬೋನಸ್

ಒಬ್ಬ ಮನುಷ್ಯನ ಎಡಗೈಯನ್ನು ನಾನು ಕೆಡಿಸಿದೆ. ಕಾರಿನ ಬಾಗಿಲಿನಿಂದಲ್ಲ — ಬಾಗಿಲು ಬಡಿದದ್ದನ್ನು ಯಾರಾದರೂ ಕ್ಷಮಿಸಿಯಾರು. ಕೆಡಿಸಿದ್ದು ಬಾಯಿಂದ, ಒಂದೇ ಒಂದು ಮಾತಿನಿಂದ. ಅದೂ ಯಾಕೆ? ಕಾರಿನ ವಿಮೆಯ ಕಂತಿನಲ್ಲಿ ಸಿಗುತ್ತಿದ್ದ ರಿಯಾಯಿತಿಯೊಂದು ಕೈತಪ್ಪಬಾರದು ಎಂದು. ಬರೆಯುತ್ತಿದ್ದಂತೆ ನನಗೇ ರೇಗುತ್ತದೆ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ತಪ್ಪು ಮಾಡುವವರು ಇರುತ್ತಾರೆಯೇ ಎಂದು ಬೇರೆಯವರ ಬಗ್ಗೆ ಕೇಳಿದ್ದರೆ, ಇಲ್ಲ ಎನ್ನುತ್ತಿದ್ದೆ.

ಇದನ್ನು ಬರೆಯಬೇಕೆಂದು ಕೂತವಳಲ್ಲ ನಾನು. ಹೋದ ತಿಂಗಳು ಮಣಿಪಾಲದಿಂದ ಇಬ್ಬರು ಬಂದಿದ್ದರು. ಕಾರು ಇಟ್ಟುಕೊಂಡವರ ಸಣ್ಣದೊಂದು ಕೂಟವಂತೆ, ಅದರ ಪತ್ರಿಕೆಗೆ ಲೇಖನ ಬೇಕಂತೆ. "ಸಿಸ್ಟರ್, ಹದಿನಾರು ವರ್ಷ ಕಾರು ಓಡಿಸಿದಿರಿ, ಒಂದು ಸಲ ಕ್ಲೈಮ್ ಮಾಡಿಲ್ಲ. ಪ್ರೀಮಿಯಂ ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ ನೀವೇ ಬರೆದುಕೊಡಿ" ಎಂದರು. ಒಪ್ಪಿದೆ. ಒಪ್ಪದೆ ಇರಲು ಕಾರಣ ಹೇಳಬೇಕಾಗುತ್ತಿತ್ತಲ್ಲ.

ಸಿಸ್ಟರ್ ಎಂದರೆ ಕಾನ್ವೆಂಟಿನವಳಲ್ಲ, ವಾರ್ಡಿನವಳು. ಉಡುಪಿಯ ಒಂದು ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದೆ. ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚದಿದ್ದರೆ ಇಡೀ ಹಾಸಿಗೆ ಬಿಚ್ಚಿಸಿ ಮತ್ತೆ ಹಾಸಿಸುತ್ತಿದ್ದವಳು. ಎಪ್ಪತ್ತರ ದಶಕದ ಆರಂಭದಲ್ಲಿ ಹಳೆಯ ಫಿಯೆಟ್ ಕೊಂಡೆ. ಆಗ ಉಡುಪಿಯಲ್ಲಿ ಕಾರು ಓಡಿಸುವ ಹೆಂಗಸರನ್ನು ಜನ ನಿಂತು ನೋಡುತ್ತಿದ್ದರು. ನೋಡಲಿ ಎಂದುಕೊಂಡು, ಕಾರನ್ನೂ ವಾರ್ಡಿನ ಹಾಗೆಯೇ ಇಟ್ಟೆ. ವಿಮೆಯ ಕಾಗದವನ್ನು ಅಕ್ಷರ ಬಿಡದೆ ಓದಿದೆ. ಇಡೀ ವರ್ಷ ಕ್ಲೈಮ್ ಮಾಡದಿದ್ದರೆ ಮುಂದಿನ ಕಂತಿನಲ್ಲಿ ಬೋನಸ್ ಎಂದು ಕಡಿತ, ವರ್ಷ ಕಳೆದಂತೆ ಅದು ಏರುತ್ತದೆ, ಒಂದು ಸಲ ಕೇಳಿದಿರೋ ಮತ್ತೆ ಮೊದಲಿನಿಂದ. ಹಾಗಾಗಿ ಮಡ್‌ಗಾರ್ಡು ನೆಗ್ಗಿದರೆ ಗ್ಯಾರೇಜಿನಲ್ಲಿ ಸ್ವಂತ ಖರ್ಚಿನಿಂದ ಎತ್ತಿಸಬೇಕು, ವಿಮಾ ಕಚೇರಿಗೆ ಓಡಬಾರದು. ಕಾರು ತೀರ ಹಳತಾದ ಮೇಲೆ ಅದರ ಮೈಗೆ ವಿಮೆ ಕಟ್ಟುತ್ತ ಕೂರಬಾರದು, ಎದುರಿನವರಿಗೆ ಆಗುವ ನಷ್ಟದ ವಿಮೆ ಸಾಕು. ನವೀಕರಣದ ದಿನ ತಪ್ಪಬಾರದು. ಆಸ್ಪತ್ರೆಯ ಡಾಕ್ಟರುಗಳೂ ಬಂದು ಕೇಳುತ್ತಿದ್ದರು. ಕೇಳುತ್ತಿದ್ದರು, ಮರೆಯುತ್ತಿದ್ದರು, ಮತ್ತೆ ಬರುತ್ತಿದ್ದರು. ಎಂಥ ಓದಿದವರೋ!

ಈ ಸಲಹೆಗಳಲ್ಲಿ ಒಂದೂ ತಪ್ಪಲ್ಲ. ಅದೇ ನನ್ನನ್ನು ಹೆಚ್ಚು ಕಾಡುವುದು. ಸರಿಯಾದ ಒಂದು ನಿಯಮವನ್ನು ಹಿಡಿದುಕೊಂಡೇ ನಾನು —

ಆ ದಿನದ ಮಾತಿಗೆ ಬರುತ್ತೇನೆ. ಕಾಪುವಿನಲ್ಲಿ ತಂಗಿಯ ಮನೆಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಡ್ಯೂಟಿಗೆ ಹೊರಟಿದ್ದೆ. ಅಂಬಲಪಾಡಿಯಲ್ಲಿ ಮೊಯ್ದಿನ್ ಬ್ಯಾರಿಯವರ ಅಂಗಡಿ ಎದುರು ಬಾಳೆಹಣ್ಣಿಗೆಂದು ಕಾರು ನಿಲ್ಲಿಸಿದೆ. ಕನ್ನಡಿ ನೋಡದೆ ಬಾಗಿಲು ತೆಗೆಯಬಾರದು ಎಂದು ಊರಿಗೆಲ್ಲ ಹೇಳುವವಳು, ನೋಡದೆ ತೆಗೆದೆ. ಹಿಂದಿನಿಂದ ಬಂದ ಸೈಕಲ್ ಬಾಗಿಲಿಗೆ ಬಡಿಯಿತು. ಸವಾರ ಹಾರಿ, ಎಡಗೈಯೂರಿ ಜಲ್ಲಿಯ ಮೇಲೆ ಬಿದ್ದ.

ಎತ್ತಿ ನೋಡಿದರೆ ಸದಾಶಿವ! ನಮ್ಮ ಆಸ್ಪತ್ರೆಯ ಚಾರ್ಟು, ರಿಜಿಸ್ಟರುಗಳನ್ನೆಲ್ಲ ಅಚ್ಚು ಹಾಕುತ್ತಿದ್ದ ಸಣ್ಣ ಪ್ರೆಸ್ಸಿನ ಕಂಪೋಸಿಟರ್. ಮೂವತ್ತು ದಾಟಿರಲಿಲ್ಲ. ಎಡಗೈಯಲ್ಲಿ ಕಬ್ಬಿಣದ ಸ್ಟಿಕ್ ಹಿಡಿದು, ಬಲಗೈಯಿಂದ ಸೀಸದ ಅಚ್ಚುಮೊಳೆಗಳನ್ನು ಒಂದೊಂದೇ ಆರಿಸಿ ಸಾಲು ಕೂಡಿಸುವ ಕೆಲಸ. ಸಾಲು ತುಂಬಿದಂತೆ ಸ್ಟಿಕ್ ಭಾರವಾಗುತ್ತದೆ, ಇಡೀ ದಿನ ಆ ಭಾರ ಎಡ ಮಣಿಕಟ್ಟಿನ ಮೇಲೆಯೇ. ಪ್ರೂಫ್ ತಂದಾಗ ಗೆರೆ ಕೂದಲೆಳೆಯಷ್ಟು ಓರೆಯಾಗಿದ್ದರೂ ನಾನು ಬೈಯುತ್ತಿದ್ದೆ. ಅವನು ನಕ್ಕು ಸರಿಮಾಡಿ ತರುತ್ತಿದ್ದ.

ಮೊಯ್ದಿನ್ ಬ್ಯಾರಿಯವರು ಅಂಗಡಿಯಿಂದ ಇಳಿದು ಬಂದರು. "ಎಂತ ಸಿಸ್ಟರ್, ಬಾಗಿಲು ಬಾಳೆಹಣ್ಣಿಗೆ ತೆಗ್ದದ್ದಾ, ಸೈಕಲಿಗೆ ತೆಗ್ದದ್ದಾ?"

"ಇಲ್ಲ ಮೊಯ್ದಿನಾಕ, ನನ್ನ ಬ್ರೇಕೇ ಸರಿ ಇಲ್ಲ" ಎಂದ ಸದಾಶಿವ. ಮುಖ ಬಿಳುಚಿಕೊಂಡಿತ್ತು.

"ಬ್ರೇಕು ಇರ್ಲಿ ಮಾರಾಯ, ಕೈ ಹೇಗುಂಟು? ಸಿಸ್ಟರ್, ಮಣಿಪಾಲದ ಆಸ್ಪತ್ರೆ ಎಷ್ಟು ದೂರ? ಕಾರು ಇಲ್ಲೇ ಉಂಟಲ್ಲ. ಒಂದು ಎಕ್ಸ್‌ರೇ ತೆಗೆಸಿಬಿಡಿ."

ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಕೈ ನೋಡಿದೆ. ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಅಂಚಿಗೆ, ಒಂದು ಪುಟ್ಟ ಗುಳಿ ಬೀಳುತ್ತದೆ. ಅದರ ಕೆಳಗೆ ಗೇರುಬೀಜದಷ್ಟು ದೊಡ್ಡ ಎಲುಬೊಂದು ಉಂಟು. ಕೈಯೂರಿ ಬಿದ್ದವರಿಗೆ ಅದು ಬಿರುಕು ಬಿಡುತ್ತದೆ. ಹೊರಗೆ ಹೆಚ್ಚು ಬಾವು ಕಾಣುವುದಿಲ್ಲ, ಬೆರಳುಗಳೆಲ್ಲ ಆಡುತ್ತವೆ. ಆದರೆ ಆ ಗುಳಿಯಲ್ಲಿ ಒತ್ತಿದರೆ ತಡೆಯಲಾಗದ ನೋವು. ತಡಮಾಡದೆ ಪ್ಲಾಸ್ಟರ್ ಹಾಕಬೇಕು, ಇಲ್ಲದಿದ್ದರೆ ಕೂಡದೆಯೇ ಉಳಿಯಬಹುದು. ಇದನ್ನು ನಾನು ಎಷ್ಟೋ ಹುಡುಗಿಯರಿಗೆ ಕಲಿಸಿದ್ದೇನೆ.

ಒತ್ತಿದೆ. ಅವನು ಕೂತಲ್ಲಿಂದ ಅರ್ಧ ಎದ್ದು ಕೈ ಎಳೆದುಕೊಂಡ.

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ರಸ್ತೆಯ ಗಾಯ ಆಸ್ಪತ್ರೆಗೆ ಬಂದರೆ ಅದನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಪೊಲೀಸರಿಗೆ ತಿಳಿಸಬೇಕು. ಪೊಲೀಸರು ಬಂದರೆ ಕಾರಿನ ನಂಬರು, ನಂಬರು ಬಂದರೆ ವಿಮೆ. ನವೀಕರಣಕ್ಕೆ ಇನ್ನು ಒಂಬತ್ತೇ ದಿನ. ಇಷ್ಟು ವರ್ಷ ಏರಿಸಿಕೊಂಡು ಬಂದ ಬೋನಸ್... ಎಲುಬಿನ ವಿಷಯ ಮುಗಿಯುವ ಮೊದಲೇ ಬೋನಸ್ಸಿನ ವಿಷಯ ಶುರುವಾಗಿತ್ತು.

"ಉಳುಕು ಅಷ್ಟೆ" ಎಂದೆ. "ಪಟ್ಟಿ ಕಟ್ಟುತ್ತೇನೆ, ಬಿಸಿನೀರಿನ ಶಾಖ ಕೊಡು."

"ಎಕ್ಸ್‌ರೇ ಬೇಡ್ವಾ?" ಮೊಯ್ದಿನ್ ಬ್ಯಾರಿಯವರು ಬಿಡಲಿಲ್ಲ.

"ನರ್ಸು ನಾನೋ ನೀವೋ?"

ಅವರು ತಿರುಗಿ ಅಂಗಡಿ ಹತ್ತಿದರು. ನನ್ನ ಬಿಳಿ ಯೂನಿಫಾರಂ ಎದುರು ಯಾರು ತಾನೇ ವಾದ ಮಾಡುತ್ತಾರೆ! ಸದಾಶಿವ, "ನೀವು ಹೇಳಿದ ಮೇಲೆ ಆಯ್ತು ಸಿಸ್ಟರ್" ಎಂದ. ಕಾರಿನಲ್ಲಿ ಕ್ರೇಪ್ ಬ್ಯಾಂಡೇಜ್ ಇತ್ತು, ಇರಲೇಬೇಕಲ್ಲ. ಬಹಳ ಅಚ್ಚುಕಟ್ಟಾಗಿ ಕಟ್ಟಿದೆ. ಡ್ಯೂಟಿಗೆ ಎರಡು ನಿಮಿಷ ಮುಂಚೆಯೇ ತಲುಪಿದೆ. ಒಂಬತ್ತು ದಿನ ಕಳೆದು ಬೋನಸ್ಸಿನೊಂದಿಗೆ ಪಾಲಿಸಿ ನವೀಕರಿಸಿದೆ.

ಅಂಥ ಪ್ರಕರಣ ದಾಖಲಾದರೆ ಬೋನಸ್ ನಿಜವಾಗಿಯೂ ಹೋಗುತ್ತಿತ್ತೇ? ಗೊತ್ತಿಲ್ಲ. ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ನಾನು ಇದೊಂದನ್ನು ಯಾರಲ್ಲೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಮತ್ತೆ, ಅಷ್ಟು ವರ್ಷ ಕಂತು ಕಟ್ಟಿದ್ದಾದರೂ ಯಾಕೆ? ನನ್ನಿಂದ ಯಾರಿಗಾದರೂ ಪೆಟ್ಟಾದರೆ ಅವರಿಗೊಂದು ದಾರಿಯಾಗಲಿ ಎಂದೇ ಅಲ್ಲವೇ? ಕಟ್ಟಿದ್ದು ಯಾವ ದಿನಕ್ಕಾಗಿಯೋ, ಆ ದಿನ ಬಂದು ಬೆಂಚಿನ ಮೇಲೆ ಕೈ ಚಾಚಿ ಕೂತಿತ್ತು. ಸುಡುಗಾಡು ನಿಯಮ ನೆನಪಿಟ್ಟುಕೊಂಡೆ, ಅದು ಇರುವುದು ಯಾತಕ್ಕೆ ಎಂಬುದನ್ನೇ —

ಎರಡು ತಿಂಗಳ ಮೇಲೆ ಸದಾಶಿವ ಪ್ರೂಫ್ ಹಿಡಿದು ಬಂದ. ಪಟ್ಟಿ ಇನ್ನೂ ಇತ್ತು, ಕೊಳೆಯಾಗಿತ್ತು. "ಸ್ಟಿಕ್ ಹಿಡಿದ್ರೆ ಕೈ ನಡುಗ್ತದೆ ಸಿಸ್ಟರ್." ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. "ಉಳುಕಿಗೆ ಸಮಯ ಹಿಡಿಯುತ್ತದೆ" ಎಂದು ಹೊಸ ಪಟ್ಟಿ ಕಟ್ಟಿ ಕಳಿಸಿದೆ. ಮೊದಲನೆಯದು ಅವಸರದ ಸುಳ್ಳು ಎಂದಾದರೂ ಹೇಳಿಕೊಳ್ಳಬಹುದು. ಇದು ಕೂತು ಯೋಚಿಸಿ ಹೇಳಿದ್ದು.

ವರ್ಷ ತುಂಬುವ ಹೊತ್ತಿಗೆ ಅವನೇ ಮಣಿಪಾಲಕ್ಕೆ ಹೋದ. ಹಳೆಯ ಮುರಿತ, ಕೂಡಿಲ್ಲ, ತುಂಡಾದ ಎಲುಬಿಗೆ ರಕ್ತ ಹೋಗುತ್ತಿಲ್ಲ ಎಂದರಂತೆ. ಪ್ರೆಸ್ಸು ಬಿಟ್ಟ. ಹೆಂಡತಿಯ ಊರು ಬಜಗೋಳಿಗೆ ಹೋಗಿ, ಮಾವನ ಬೀಡಿ ಬ್ರಾಂಚಿನಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೆ ಎಲೆ ತೂಗಿ ಕೊಡಲು ನಿಂತ. ಹೊಸ ಕಂಪೋಸಿಟರ್ ಹಾಕಿದ ಚಾರ್ಟುಗಳ ಗೆರೆ ಓರೆಯಾಗಿ ಬರತೊಡಗಿತು. ನಾನು ಯಾರನ್ನೂ ಬೈಯಲಿಲ್ಲ.

ಪ್ರತಿ ತಿಂಗಳು ಇಗರ್ಜಿಯಲ್ಲಿ ಪಾದ್ರಿಗಳ ಬಳಿ ಪಾಪನಿವೇದನೆಗೆ ಹೋಗುತ್ತಿದ್ದೆ, ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡು. ಸಿಟ್ಟು ಮಾಡಿದ್ದು, ಚಾಡಿ ಕೇಳಿದ್ದು, ಉಪವಾಸ ತಪ್ಪಿದ್ದು. ಇದು ಒಮ್ಮೆಯೂ ಪಟ್ಟಿಗೆ ಬರಲಿಲ್ಲ. ಅದನ್ನು ಆಕಸ್ಮಿಕದ ಖಾನೆಯಲ್ಲಿ ಹಾಕಿ ಬೀಗ ಜಡಿದಿದ್ದೆ.

ಮೂರು ವಾರದ ಹಿಂದೆ ಕಾರ್ಕಳದಲ್ಲಿ ಒಂದು ಮದುವೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. "ಸಿಸ್ಟರ್ ಅಲ್ವಾ?" ಎಂದು ಹಿಂದಿನಿಂದ ಯಾರೋ ಕರೆದರು. ಕೂದಲು ನರೆತ ಸದಾಶಿವ. ಚೀಲ ಬಲಗೈಯಲ್ಲಿತ್ತು. ನನ್ನ ಕಾರು, ನನ್ನ ಸಕ್ಕರೆ ಕಾಯಿಲೆ, ನನ್ನ ತಂಗಿ — ಎಲ್ಲವನ್ನೂ ವಿಚಾರಿಸಿದ. ಪ್ರೆಸ್ಸಿಗೆ ಈಗ ಹೊಸ ಯಂತ್ರ ಬಂದಿದೆ, ಮೊಳೆ ಜೋಡಿಸುವವರನ್ನು ಕೇಳುವವರಿಲ್ಲ ಎಂದು ನಕ್ಕ. ಹೇಗೂ ಹೋಗಲಿದ್ದ ಕೆಲಸ ಎಂದು ನಾನು ಹಗುರಾಗಬಹುದಿತ್ತು. ಹಾಗೆ ಆಗಲು ನನ್ನನ್ನು ನಾನು ಬಿಡುವುದಿಲ್ಲ. ಇಷ್ಟೆಲ್ಲ ವರ್ಷ ಅವನದಾಗಿ ಇರಬೇಕಾಗಿದ್ದ ಕೆಲಸ ಅದು.

ಕೈ ಹೇಗಿದೆ ಎಂದು ಕೇಳಿದೆ. ಕೇಳಬಾರದಿತ್ತೇನೋ. ಅವನು ಹೆಬ್ಬೆರಳು ಎತ್ತಿ ತೋರಿಸಿದ.

"ಚಳಿಗೆ ಸ್ವಲ್ಪ ಎಳೀತದೆ. ಆದ್ರೆ ಒಂದು ಮಾತು ಸಿಸ್ಟರ್, ಆವತ್ತು ನೀವು ಒತ್ತಿದ್ರಲ್ಲ, ಮಣಿಪಾಲದ ದೊಡ್ಡ ಡಾಕ್ಟ್ರೂ ಇದೇ ಜಾಗಕ್ಕೆ ಒತ್ತಿದ್ದು. ನಾನು ಹೆಂಡ್ತಿಗೆ ಯಾವಾಗ್ಲೂ ಹೇಳ್ತೇನೆ, ನಮ್ಮ ಸಿಸ್ಟರಿಗೆ ಎಂಥ ಕೈಗುಣ ಉಂಟು, ಸರಿಯಾದ ಜಾಗವೇ ಹಿಡಿದ್ರು ಅಂತ."

ಬೆಳ್ಮಣ್ ದಾರಿಯಾಗಿ ಹೋಗುವ ನನ್ನ ಬಸ್ಸು ಬಂತು. ಹತ್ತಿದೆ. ಅವನು ಬಲಗೈ ಬೀಸಿದ.

ಮನೆಗೆ ಬಂದು ಮಣಿಪಾಲದವರ ಲೇಖನಕ್ಕೆ ಕೂತೆ. 'ಸಣ್ಣ ಪೆಟ್ಟುಗಳಿಗೆ ಕ್ಲೈಮ್ ಮಾಡಬೇಡಿ' ಎಂದು ಮೊದಲ ಸಾಲು ಬರೆದೆ. ಮುಂದೆ ಕೈ ಓಡಲಿಲ್ಲ. ಸಣ್ಣದು ಯಾವುದು ಎಂದು ಹೇಳುವವರು ಯಾರು — ಕಾರಿನವರೋ, ಬಿದ್ದವರೋ? ಅದನ್ನು ಹರಿದು ಇದನ್ನು ಬರೆದೆ. ಅವರು ಅಚ್ಚು ಹಾಕಲಿ, ಬಿಡಲಿ. ಮೊದಲ ಪ್ರತಿ ಅವರಿಗಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಬಜಗೋಳಿಗೆ ಹೋಗುತ್ತೇನೆ. ಬೀಡಿ ಬ್ರಾಂಚಿನಲ್ಲಿ, ಅವನ ಹೆಂಡತಿಯೂ ಕೇಳುವಂತೆ, ನಾನೇ ಓದುತ್ತೇನೆ.

ಸದಾಶಿವ, ನಾನು ಹಿಡಿದದ್ದು ಸರಿಯಾದ ಜಾಗವೇ. ಅದು ಮುರಿದಿದೆ ಎಂದು ಆವತ್ತೇ, ಆ ಬೆಂಚಿನ ಮೇಲೆಯೇ, ನೀನು ಕೈ ಎಳೆದುಕೊಂಡ ಆ ಗಳಿಗೆಯಲ್ಲಿಯೇ ನನಗೆ ಗೊತ್ತಾಯಿತು.