ಸ್ವಿಚ್ಚಿನ ಬಾಜೂಕ ಬರೆದಿದ್ದ ಹೆಸರು

ನಿವೃತ್ತಿಗೆ ಇನ್ನು ಎಂಟು ತಿಂಗಳು ಉಳಿದಿದ್ದ ಆ ಚಳಿಗಾಲದಲ್ಲಿ ನಾನು ಬೆಳಗಾವಿಯ ಒಂದು ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಸಿಪ್ಯಾಪ್ ಮಷೀನು ಹೊಂದಿಸಿಕೊಡುವುದು ನನ್ನ ಕೆಲಸ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ನಿಲ್ಲುವವರಿಗೆ ಈ ಮಷೀನು ಮಾಸ್ಕಿನ ಮೂಲಕ ಒತ್ತಡದ ಗಾಳಿ ಊದಿ ದಾರಿ ತೆರೆದಿಡುತ್ತದೆ. ಅದಕ್ಕೆ ಹೊಂದಿಕೊಂಡು ಒಂದು ನೀರಿನ ಡಬ್ಬಿ ಇರುತ್ತದೆ. ನೀರು ಕಾಯಿಸಿ ಗಾಳಿಗೆ ತೇವ ಕೊಡುವ ಆ ಡಬ್ಬಿಗೆ ಹ್ಯುಮಿಡಿಫೈಯರ್ ಎನ್ನುತ್ತೇವೆ. ಈ ಕಥೆ ಆ ಡಬ್ಬಿಯದು, ನನ್ನ ಹೊಟ್ಟೆಕಿಚ್ಚಿನದೂ ಹೌದು. ಅದೊಂದನ್ನು ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ.

ಗುರುಸಿದ್ದಪ್ಪನವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಚ್ಚಿಗೆ ಬೇಕಾದ ಕಟ್ಟಿಗೆ ಮಾದರಿ ಕೆತ್ತುವ ಕೆಲಸ ಮಾಡಿ ನಿವೃತ್ತರಾದವರು. ನಾಲ್ಕು ವರ್ಷದಿಂದ ನನ್ನ ಪೇಷಂಟ್. ಅವರಿಗೆ ಹನ್ನೊಂದರ ಒತ್ತಡ ಹೊಂದಿಸಿ ಕಳಿಸಿದ ಮರುದಿನವೇ ಕುಂದಾ ಮಿಠಾಯಿ ತಂದು, “ಅಕ್ಕಾರ, ಹತ್ತು ವರ್ಷದ ನಿದ್ದಿ ಒಂದ ರಾತ್ರ್ಯಾಗ ಮಾಡೇನ್ರಿ” ಅಂದಿದ್ದರು. ಅಂದಿನಿಂದ ಮಾಸ್ಕ್ ಸೋರಿದರೂ ನನಗೇ ಫೋನು, ಪೈಪಿನಲ್ಲಿ ನೀರು ನಿಂತರೂ ನನಗೇ ಫೋನು. ಬಾಯಲ್ಲಿ ಬೈಯುತ್ತಿದ್ದೆ, ಒಳಗೆ ಹಿಗ್ಗುತ್ತಿದ್ದೆ.

ಅವರು ಹಳೇ ಟೆಂಪೊ ಒಂದನ್ನು ಕೊಂಡು, ಒಳಗೆ ಹಾಸಿಗೆ, ಒಲೆ, ಕಪಾಟು ಎಲ್ಲ ತಮ್ಮ ಕೈಯಿಂದಲೇ ಕೂಡಿಸಿ, ಓಡಾಡುವ ಮನೆ ಮಾಡಿಕೊಂಡಿದ್ದರು. ಖಾನಾಪುರದಾಚೆ ಕಾಡಿನ ಅಂಚಿಗಿದ್ದ ಗೆಳೆಯರೊಬ್ಬರ ಹೊಲದಲ್ಲಿ ಎರಡು ರಾತ್ರಿ ಇದ್ದು ಬರುವ ಆಸೆ. ಅಲ್ಲಿ ಕರೆಂಟಿನ ಕಂಬವೇ ಇಲ್ಲ. ಅವರ ಹೆಂಡತಿ ಮಹಾದೇವಿಯವರು ನನ್ನ ಮುಂದೆ ಕೂತು ಹೇಳಿದರು:

“ಮಷೀನ್ ಬಂದಾಗಿಂದ ಇವರು ಗ್ವಾಡಿ ಪ್ಲಗ್ಗಿಗೆ ಕಟ್ಟಿದ ಎಮ್ಮಿ ಆಗ್ಯಾರ್ರಿ ಅಕ್ಕಾರ. ನಾಕು ವರ್ಷ ಆತು, ಒಂದ ರಾತ್ರಿ ಹೊರಗ ಇದ್ದಿಲ್ಲ ನಾವು.”

ಗುರುಸಿದ್ದಪ್ಪನವರು ಗಂಭೀರವಾಗಿಯೇ ಇದ್ದರು. “ಇದರಾಗ ನಿದ್ದಿ ಆಗಲಿಲ್ಲಂದ್ರ ಗಾಡಿ ಮಾರಿಬಿಡತೇನ್ರಿ. ಮತ್ತ ಹೊರಗ ಹೋಗು ಮಾತ ಬ್ಯಾಡ.”

ನಾನು ಪೆನ್ನು ತೆಗೆದು, ಬ್ಯಾಟರಿ ಎಷ್ಟು ಬೇಕಾಗುತ್ತದೆ ಅಂತ ಲೆಕ್ಕ ಶುರು ಮಾಡಿದೆ. ಅವರು ತಡೆದರು. “ನೀವ್ಯಾಕ ತ್ರಾಸ ತಗೋತೀರಿ? ಅದನ್ನೆಲ್ಲಾ ಮುನೀರಭಾಯಿ ನೋಡಾಕತ್ತ್ಯಾನ.”

ಮುನೀರ್ ಶಹಾಪುರದವನು. ಮೊದಲು ಪವರ್‌ಲೂಮ್ ರಿಪೇರಿ ಮಾಡುತ್ತಿದ್ದ, ಈಗ ಬ್ಯಾಟರಿ, ಇನ್ವರ್ಟರ್ ಅಂಗಡಿ ಇಟ್ಟಿದ್ದ. ಆ ತಿಂಗಳೆಲ್ಲ ನಾನು ಕೇಳಿದ್ದು ಇದೇ: ಮುನೀರಭಾಯಿ ಹಿಂಗಂದ, ಮುನೀರಭಾಯಿ ಹಂಗಂದ. ಮಷೀನಿನ ವೈರಿನ ಬಗ್ಗೆಯೂ ಅವನನ್ನೇ ಕೇಳುತ್ತಿದ್ದರಂತೆ. ನನ್ನ ಫೋನು ಸುಮ್ಮನಾಯಿತು. ಇಪ್ಪತ್ತಾರು ವರ್ಷ ಈ ಕೆಲಸದಲ್ಲಿ ತಲೆ ಹಣ್ಣಾದವಳು ನಾನು. ನಿನ್ನೆ ಮೊನ್ನೆಯವರೆಗೆ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದವನು ಅವನು. ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂಗಾಗುತ್ತಿತ್ತು.

ಒಂದು ದಿನ ಅವನೇ ಆಸ್ಪತ್ರೆಗೆ ಬಂದ. ನಲವತ್ತರ ಆಸುಪಾಸು, ಮೆತ್ತಗಿನ ಮಾತು, ಕೈಯಲ್ಲಿ ಕರೆಂಟ್ ಅಳೆಯುವ ಮೀಟರ್. ಗುರುಸಿದ್ದಪ್ಪನವರದೇ ಮಷೀನು, ಒಂದು ಬ್ಯಾಟರಿ, ಇನ್ವರ್ಟರ್ ತಂದಿದ್ದ. ಅಳತೆ ಮಾಡದೆ ಮಾತಾಡುವ ಮನುಷ್ಯನಲ್ಲ ಅಂತ ಆಗಲೇ ಗೊತ್ತಾಯಿತು, ಅದೂ ನನಗೆ ಸೇರಲಿಲ್ಲ. ನೀರು ಕಾಯುತ್ತಿದ್ದಾಗ ಬ್ಯಾಟರಿಯಿಂದ ಸರಾಸರಿ ನಾಲ್ಕೂವರೆ ಆಂಪಿಯರ್ ಹೋಗುತ್ತಿತ್ತು. ಕಾಯಿಸುವುದನ್ನು ಬಂದ್ ಮಾಡಿದಾಗ ಬರೀ ಒಂದೂಕಾಲು.

“ಮೇಡಂ, ಬ್ಯಾಟರಿ ನೂರು ಆಂಪಿಯರ್ ಅವರ್‌ದು, ಖರೇ. ಆದ್ರ ಇಂಥಾ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ನೀರು ಕಾಯಿಸಿದ್ರ ಎಂಟು ತಾಸಿಗೆ ಮೂವತ್ತಾರು ಹೋಗತೈತಿ. ಗಾಡಿ ಮ್ಯಾಲೆ ಸೋಲಾರ್ ಪ್ಲೇಟ್ ಐತಿ, ಬಿಸಿಲು ಚಲೋ ಬಿದ್ರ ಎರಡನೇ ರಾತ್ರಿ ಸಾಲತೈತಿ. ಬೀಳಲಿಲ್ಲಂದ್ರ ಇಲ್ಲ. ಆ ನೀರು ಕಾಯಿಸೂದು ಬಂದ್ ಮಾಡಿದ್ರ ನಡಿತೈತೇನ್ರಿ?”

ನಡೆಯುತ್ತದೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕರೆಂಟ್ ಹೋಗುವ ಹಳ್ಳಿಗಳ ಎಷ್ಟೋ ಪೇಷಂಟುಗಳಿಗೆ ನಾನೇ, ಡಾಕ್ಟರನ್ನು ಕೇಳಿ, “ನೀರಿನ ಬಿಸಿ ಬಂದ್ ಮಾಡ್ರಿ, ಮೂಗಿಗೆ ಸಲೈನ್ ಹನಿ ಹಾಕ್ಕೋರಿ, ಎರಡು ದಿನಕ್ಕ ಏನೂ ಆಗಂಗಿಲ್ಲ” ಅಂತ ಹೇಳಿ ಕಳಿಸಿದ್ದೆ. ಗುರುಸಿದ್ದಪ್ಪನವರಿಗೂ ಅಷ್ಟೇ ಸಾಕಿತ್ತು. ಆದರೆ ಆ ಉಪಾಯ ಮುನೀರನ ಬಾಯಿಂದ ಮೊದಲು ಬಂದುಬಿಟ್ಟಿತ್ತಲ್ಲ!

“ಇದು ಮಗ್ಗ ಅಲ್ಲಪ್ಪಾ, ಮನುಷ್ಯಾನ ಉಸುರು” ಅಂದೆ. “ಬಂದ್ ಮಾಡಂಗಿಲ್ಲ. ಗಾಡಿ ಬಿಸಲಾಗ ನಿಲ್ಲಸ್ರಿ ಅಂತ ಅವರಿಗೆ ಹೇಳು.” ಚೀಟಿಯ ಮೇಲೆ ಬರೆದೂ ಕೊಟ್ಟೆ: ಹ್ಯುಮಿಡಿಫೈಯರ್ ಆನ್ ಇರಬೇಕು.

ಅವನು ಚೀಟಿಯನ್ನು ಎರಡು ಸಲ ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡ. “ನೀವು ಹೇಳಿದ ಮ್ಯಾಲೆ ಮುಗೀತ್ರಿ ಮೇಡಂ.” ಅವತ್ತು ಊಟ ರುಚಿಯಾಗಿತ್ತು ಅಂತ ನೆನಪು.

ಅವರು ಶುಕ್ರವಾರ ಹೋದರು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಹಾದೇವಿಯವರ ಫೋನು ಬಂತು. ಮಷೀನು ಎರಡನೆಯ ರಾತ್ರಿ ನಡುವೆಯೇ ನಿಂತಿತ್ತು. ಗಾಡಿ ನಿಂತದ್ದು ದೊಡ್ಡ ಮರಗಳ ಕೆಳಗೆ, ಶನಿವಾರವಿಡೀ ಪ್ಲೇಟಿಗೆ ಬಿಸಿಲೇ ಬಿದ್ದಿರಲಿಲ್ಲ. ಆಮೇಲೆ ಹೇಳಿದರು: “ಮನಿಗಿ ಹೋಗೂಣು ಅಂತ ಗಾಡಿ ಚಾಲೂ ಮಾಡಿದ್ರು. ಹಂಗ ಸ್ಟೇರಿಂಗ್ ಮ್ಯಾಲೆ ತಲಿ ಇಟ್ಟು ಮಲಗಿಬಿಟ್ರಿ ಅಕ್ಕಾರ! ಚಾವಿ ಕಸಕೊಂಡು ಸೆರಗಿಗೆ ಗಂಟು ಹಾಕ್ಕೊಂಡೇನಿ.”

ಆ ನಿದ್ದೆ ಹತ್ತು ನಿಮಿಷ ತಡವಾಗಿ ಬಂದಿದ್ದರೆ ಅವರು ರಸ್ತೆಯ ಮೇಲೆ ಇರುತ್ತಿದ್ದರು.

ಸಿಕ್ಕ ಬಸ್ಸು ಹತ್ತಿ ಖಾನಾಪುರಕ್ಕೆ, ಅಲ್ಲಿಂದ ರಿಕ್ಷಾ ಮಾಡಿಕೊಂಡು ಹೊಲಕ್ಕೆ ಹೋದೆ. ನೋಡಿದರೆ ಮುನೀರ್ ನನಗಿಂತ ಮೊದಲೇ ಬಂದಿದ್ದ. ಬೈಕಿಗೆ ಸಣ್ಣದೊಂದು ಚಾರ್ಜ್ ಮಾಡಿದ ಬ್ಯಾಟರಿ ಕಟ್ಟಿಕೊಂಡು ಬಂದಿದ್ದಾನೆ, ಪುಣ್ಯಾತ್ಮ! ಆ ಹೊತ್ತಿನಲ್ಲೂ ನನಗೆ ಹೊಳೆದ ಮೊದಲ ವಿಚಾರ, ಇವನಿಗೆ ನನಗಿಂತ ಮುಂಚೆ ಫೋನ್ ಹೋಗಿತ್ತೇ ಅನ್ನುವುದು. ಥೂ ನನ್ನ ಬುದ್ಧಿಗೆ.

ಗಾಡಿಯೊಳಗೆ ಹೋದೆ. ಸ್ವಿಚ್ಚು ಕೂಡಿಸಿದ್ದ ಕಟ್ಟಿಗೆ ಫಳಿಯ ಮೇಲೆ ಬಿಳಿ ಟೇಪು ಅಂಟಿಸಿ ಕರಿ ಮಾರ್ಕರಿನಿಂದ ಬರೆದಿತ್ತು. ಲೈಟ್, ಮುನೀರ್. ಫ್ಯಾನ್, ಮುನೀರ್. ನೀರಿನ ಪಂಪ್, ಮುನೀರ್. ಕೊನೆಯ ಸಾಲು: ಹ್ಯುಮಿಡಿಫೈಯರ್ ಆನ್, ಅಕ್ಕಾರು.

“ಇದೇನಿದು?” ಅಂದೆ.

“ಮಗ್ಗದ ರೂಢಿರಿ ಮೇಡಂ” ಅಂದ ಮುನೀರ್. “ನಮ್ಮ ಉಸ್ತಾದರು ಕಲಿಸಿದ್ದು. ಯಾರು ಸೆಟ್ ಮಾಡಿದ್ರೋ ಅವರ ಹೆಸರು ಅಲ್ಲೇ ಬರೀಬೇಕು. ನಾಳೆ ನೂಲು ಹರದ್ರ ಯಾರನ್ನ ಕೇಳಬೇಕು ಅಂತ ಗೊತ್ತಾಗಬೇಕಲ್ರಿ.”

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳಾಡಿ ಹಗುರಾಗುತ್ತಿದ್ದೆ. ಹೊರಗೆ ಗುರುಸಿದ್ದಪ್ಪನವರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು, ಕಣ್ಣು ಕೆಂಪಗೆ. “ಗಾಡಿಗಿ ಗಿರಾಕಿ ನೋಡ್ರಿ ಅಕ್ಕಾರ” ಅಂದರು. ಮಹಾದೇವಿಯವರು ಮುಖ ಆಚೆ ತಿರುಗಿಸಿದರು.

ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. “ಗಾಡಿದ್ದು ತಪ್ಪಿಲ್ರಿ. ನೀರಿನ ಬಿಸಿ ಬಂದ್ ಮಾಡಿದ್ರ ನಡೀತಿತ್ತು. ನನಗ ಗೊತ್ತಿತ್ತು.”

ಮುನೀರ್ ತಲೆಯೆತ್ತಿದ. “ಗೊತ್ತಿತ್ತಂದ್ರ ಯಾಕ ಬ್ಯಾಡಂದ್ರಿ ಮೇಡಂ?”

“ಹೊಟ್ಟಿಕಿಚ್ಚು” ಅಂದೆ. “ಇವರು ನನ್ನ ಬಿಟ್ಟು ನಿನ್ನ ಕೇಳಾಕತ್ತಿದ್ರು. ಅದಕ್ಕ.”

ಮಹಾದೇವಿಯವರು ಈ ಕಡೆ ತಿರುಗಿ, “ಅಯ್ಯ ಶಿವನ! ಈ ಗೊರಕಿ ಮನುಷ್ಯಾನ ಸಲುವಾಗಿ ಇಬ್ಬರು ಬಡದಾಡತೀರಿ? ಬೇಕಾದ್ರ ಕರಕೊಂಡು ಹೋಗ್ರಿ!” ಅಂದರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ, ಆ ಚಾವಿಯ ಗಂಟು ಮಾತ್ರ ಬಿಚ್ಚಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. ನಾನೇ ಬಿಸಿ ಬಂದ್ ಮಾಡಿ, ಮಾಸ್ಕ್ ಕಟ್ಟಿ, ಗುರುಸಿದ್ದಪ್ಪನವರನ್ನು ಹಗಲಲ್ಲೇ ಮಲಗಿಸಿದೆ. ಮುನೀರ್ ತಾನು ತಂದ ಬ್ಯಾಟರಿ ಜೋಡಿಸಿ ಮೀಟರ್ ಹಿಡಿದ. ಒಂದೂಕಾಲು ಆಂಪಿಯರ್, ಅವನು ಅವತ್ತು ತೋರಿಸಿದ್ದಷ್ಟೇ. ಮೂರು ತಾಸು ನಾವು ಮೂವರೂ ಹೊರಗೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಒಳಗಿನಿಂದ ಮಷೀನಿನ ಸಣ್ಣ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಎದ್ದ ಮೇಲೆ ಗುರುಸಿದ್ದಪ್ಪನವರು, “ಇವತ್ತೂ ಇಲ್ಲೇ ಇರೂಣು” ಅಂದರು.

ಹೊರಡುವ ಮುಂಚೆ ನಾನು ಮಾರ್ಕರ್ ಕೇಳಿ ಇಸಿದುಕೊಂಡೆ. ಕೊನೆಯ ಸಾಲಿನ ಟೇಪು ಕಿತ್ತು, ಹೊಸದರ ಮೇಲೆ ಬರೆದೆ: ಹ್ಯುಮಿಡಿಫೈಯರ್ ಆಫ್, ಮುನೀರ್. ಆ ಮೂರಕ್ಷರ ಬರೆಯಲು ಕೈಗೆ ಎಷ್ಟು ಭಾರವಾಯಿತೆಂದು ನನಗೇ ಗೊತ್ತು.

ಮರುದಿನ ಬೆಳಿಗ್ಗೆ ಗುರುಸಿದ್ದಪ್ಪನವರ ಫೋನು ಬಂತು. “ಅಕ್ಕಾರ, ಎಂಟು ತಾಸು ನಿದ್ದಿ ಆತ್ರಿ! ಇಕಿ ಚಾವಿ ಕೊಟ್ಳು. ಗಾಡಿ ಮಾರಂಗಿಲ್ಲ.”

“ಮುನೀರಗ ಹೇಳಿದ್ರೇನು?”

“ಅವಗ ಮೊದಲ ಹೇಳಿದ್ನಿರಿ.”

“ಚಲೋ ಮಾಡಿದ್ರಿ” ಅಂದೆ.

ಅಲ್ಲಿಂದ ನಿವೃತ್ತಿಯವರೆಗೆ ನಾನು ಕೊಟ್ಟ ಪ್ರತಿ ಚೀಟಿಯ ಕೆಳಗೆ ನನ್ನ ಹೆಸರು ಬರೆದೆ. ಬರೆಯುವ ಮುಂಚೆ, ಈ ಮಾತು ಪೇಷಂಟಿಗಾಗಿಯೋ ನನಗಾಗಿಯೋ ಅಂತ ಒಮ್ಮೆ ಕೇಳಿಕೊಂಡೆ. ಇಪ್ಪತ್ತಾರು ವರ್ಷದ ಕೆಲಸ ಕಲಿಸದ್ದನ್ನು ಒಂದು ತುಂಡು ಟೇಪು ಕಲಿಸಿತು. ಆ ಗಾಡಿ ಈಗಲೂ ಟಿಳಕವಾಡಿಯ ನಮ್ಮ ಮನೆಯ ಮುಂದೆ ಹಾದುಹೋಗುತ್ತದೆ, ಗುರುಸಿದ್ದಪ್ಪನವರು ಹಾರ್ನ್ ಹೊಡೆಯುತ್ತಾರೆ. ಒಳಗಿನ ಫಳಿಯ ಮೇಲೆ ಅಕ್ಷರ ನನ್ನವು, ಹೆಸರು ಅವನದು. ಅದನ್ನು ನೆನೆದರೆ ಈಗಲೂ ಒಂಚೂರು ಉರಿಯುತ್ತದೆ, ಉರಿಯಲಿ ಬಿಡಿ.